ಹಾಸಿಗೆ ಕಂಪನಿಯೂ ಅಜ್ಜಿಯ ಚಾಪೆಯೂ

ಬಸ್ ನಿಲ್ದಾಣದ ಎದುರಿನ ಜಾಹೀರಾತು ಫಲಕದಲ್ಲಿ ಗಂಡ, ಹೆಂಡತಿ, ನಡುವೆ ಒಂದು ಮಗು, ಮೂವರೂ ಹೆಣದ ಚಾಪೆಯ ಮೇಲೆ ಹಲ್ಲು ಕಿರಿದುಕೊಂಡು ಮಲಗಿದ್ದರು. ನೋಡುತ್ತ ನಿಂತವಳು ಬಂದ ಬಸ್ಸನ್ನೂ ಬಿಟ್ಟುಬಿಟ್ಟೆ. ಅದು ಚಾಪೆಯಲ್ಲ, ಹಾಸಿಗೆಯ ಹೊದಿಕೆ. ಆದರೆ ಅದರ ಮೇಲೆ ಅಚ್ಚೊತ್ತಿದ್ದ ಹೆಣಿಗೆ ನಮ್ಮದು. ಎರಡು ತುದಿಯಿಂದಲೂ ಹಕ್ಕಿಯ ಹೆಜ್ಜೆಗಳು ನಡೆದು ಬಂದು ನಡುವೆ ಒಂದು ಸಾಲಿನಲ್ಲಿ ಸೇರುತ್ತವಲ್ಲ, ಅದೇ. ನಮ್ಮಲ್ಲಿ ಆ ಹೆಣಿಗೆಯ ಮೇಲೆ ಮಲಗಿದವರು ಯಾರೂ ಇವತ್ತಿನವರೆಗೆ ಎದ್ದು ನಕ್ಕದ್ದಿಲ್ಲ. ಕೆಳಗೆ ದಪ್ಪಕ್ಷರದಲ್ಲಿ ಬರೆದಿತ್ತು: 'ಏಳಲು ಮನಸ್ಸೇ ಬಾರದ ನಿದ್ದೆ'.

ಮನೆಗೆ ಬಂದು ಅಜ್ಜಿಗೆ ಹೇಳಿದೆ. ಅಜ್ಜಿ ಮಂಚ ಹಿಡಿದು ಬಹಳ ದಿನವಾಗಿತ್ತು. ಸೊಂಟದ ಕೆಳಗೆ ಯಾವುದೂ ಕೆಲಸ ಮಾಡುತ್ತಿರಲಿಲ್ಲ. ಆ ಕೆಲಸವನ್ನೂ ಸೇರಿಸಿ ನಾಲಿಗೆಯೇ ಮಾಡುತ್ತಿತ್ತು.

"ಏಳೋಕೆ ಮನಸ್ಸೇ ಬರಲ್ಲ ಅಂತ ಬರ್ದಿದಾರಾ? ಪರ್ವಾಗಿಲ್ವೇ, ಕಂಪನಿಯವರು ಸುಳ್ಳು ಹೇಳಲ್ಲ," ಎಂದು ಕೆಮ್ಮು ಬರುವವರೆಗೂ ನಕ್ಕಳು. ಆಮೇಲೆ ನಗು ನಿಲ್ಲಿಸಿ, "ನಡೂ ಸಾಲು ಹೇಗಿತ್ತೇ?" ಎಂದು ಕೇಳಿದಳು.

"ತಗ್ಗಿತ್ತಜ್ಜಿ. ಕುಳಿ ಬಿದ್ದಿತ್ತು."

"ಅಯ್ಯೋ ಅವರ ಮನೆ ಹಾಳಾಗ! ತಾತನ ಚಾಪೆ ಅದು!"

ಇಲ್ಲಿ ಸ್ವಲ್ಪ ನಮ್ಮ ವಿಷಯ ಹೇಳಬೇಕು. ಪಟ್ಟಣದವರು ನಮ್ಮನ್ನು ಜೊಂಡಿನವರು ಎನ್ನುತ್ತಾರೆ. ಹಿಂದೆ ಇದೆಲ್ಲ ಜೌಗು ನೆಲ; ಜೊಂಡು ಬೆಳೆಯುತ್ತಿತ್ತು, ಅದರ ನಡುವೆ ನಾವಿದ್ದೆವು. ಆಮೇಲೆ ಪಟ್ಟಣ ಬಂತು, ಜೌಗು ಮುಚ್ಚಿ ಬಸ್ ನಿಲ್ದಾಣ ಕಟ್ಟಿತು, ಕಟ್ಟಿ ಮುಗಿಸಿ ನಮ್ಮ ಕಡೆ ತಿರುಗಿ 'ನೀವೆಲ್ಲ ಯಾವಾಗ ಬಂದ್ರಿ ಇಲ್ಲಿಗೆ?' ಎಂದು ಕೇಳಿತು. ಈಗ ಜೊಂಡನ್ನು ದೂರದಿಂದ ಲಾರಿಯಲ್ಲಿ ತರಿಸುತ್ತೇವೆ, ತಗಡಿನ ಶೆಡ್ಡಿನಲ್ಲಿ ಹೆಂಗಸರೆಲ್ಲ ಕೂತು ಚಾಪೆ ಹೆಣೆಯುತ್ತೇವೆ. ಹೊರಗಿನವರ ಹತ್ತಿರ ಮಾತಾಡುವ ಕೆಲಸ ನನ್ನದು. ನನ್ನ ಗಂಟಲು ಅಂಥದ್ದು. ಶೆಡ್ಡಿನಲ್ಲಿ ನನಗೆ ಮೈಕು ಅಂತಲೇ ಹೆಸರು.

ಮಾರುವ ಚಾಪೆಗೆ ಬೇಕಾದಷ್ಟು ಹೆಣಿಗೆಗಳಿವೆ, ಯಾರು ಬೇಕಾದರೂ ಕೊಳ್ಳಲಿ, ಮೇಲೆ ಕುಣಿಯಲಿ. ಕಡೇ ಚಾಪೆ ಮಾತ್ರ ಮಾರುವುದಿಲ್ಲ. ಅದನ್ನು ಹೋಗುವವರು ಇನ್ನೂ ಬದುಕಿರುವಾಗಲೇ ಹೆಣೆದು ತೋರಿಸಬೇಕು, ಅವರು ಕಣ್ಣಾರೆ ನೋಡಿ ಒಪ್ಪಬೇಕು. ಮನೆಯ ಇಬ್ಬರು ಹೆಂಗಸರು ಎದುರುಬದುರು ಕೂತು, ಎರಡು ತುದಿಯಿಂದ ಹೆಣೆಯುತ್ತ ಬಂದು ನಡುವೆ ಸೇರಬೇಕು. ಆ ಸೇರುವ ಸಾಲಿಗೆ ಕೂಡುಸಾಲು ಎನ್ನುತ್ತೇವೆ. ಅಲ್ಲಿ ದೊಡ್ಡವಳ ಎಳೆ ಮೇಲೆ ಹೋಗಬೇಕು, ಚಿಕ್ಕವಳದು ಕೆಳಗೆ. ಸಾಧಾರಣವಾಗಿ ಕೂರುವವರು ತಾಯಿ ಮಗಳು, ಇಲ್ಲವೇ ಅತ್ತೆ ಸೊಸೆ. ಯಾರು ದೊಡ್ಡವರು ಎಂದು ಯಾರನ್ನೂ ಕೇಳಬೇಕಾಗಿಲ್ಲ.

ತಾತನಿಗೆ ಹೆಣೆಯುವ ಹೊತ್ತಿಗೆ ತೊಂದರೆಯಾಯಿತು. ಹೆಂಡತಿ ಗಂಡನ ಚಾಪೆ ಹೆಣೆಯುವ ಹಾಗಿಲ್ಲ, ಆದ್ದರಿಂದ ಅಜ್ಜಿ ಕೂರಲಿಲ್ಲ. ಕೂತವರು ನಮ್ಮಮ್ಮ ಮತ್ತು ಅಪ್ಪನ ತಂಗಿ, ಅಂದರೆ ನನ್ನ ಅತ್ತೆ. ಅಮ್ಮ ಅಣ್ಣನ ಹೆಂಡತಿ, ಸಂಬಂಧದಲ್ಲಿ ಹಿರಿಯಳು. ಅತ್ತೆ ವಯಸ್ಸಿನಲ್ಲಿ ಹಿರಿಯಳು. ಆಗ ಇಬ್ಬರೂ ಒಂದೇ ತಟ್ಟೆಯಲ್ಲಿ ಉಣ್ಣುವಷ್ಟು ಚೆನ್ನಾಗಿದ್ದರಂತೆ. ಅಮ್ಮ ಅವಳನ್ನು ಅಕ್ಕ ಎನ್ನುತ್ತಿದ್ದಳು, ಅತ್ತೆ ಇವಳನ್ನು ಅತ್ತಿಗೆ ಎನ್ನುತ್ತಿದ್ದಳು. ಚಾಪೆ ಹಸಿಯಾಗಿರುವಾಗ ತಾತ ನೋಡಿ ಆಯಿತು ಎಂದರು. ಹಸಿ ಜೊಂಡಿನಲ್ಲಿ ತಪ್ಪು ಕಾಣುವುದಿಲ್ಲ. ಒಣಗಿದ ಮೇಲೆ ಕೂಡುಸಾಲು ಉದ್ದಕ್ಕೂ ತಗ್ಗಾಯಿತು, ಅದೇ ದಿನ ತಾತ ಹೋದರು. ಕೂಡುಸಾಲು ಕೆಟ್ಟ ಚಾಪೆಯ ಮೇಲೆ ಯಾರನ್ನೂ ಮಲಗಿಸುವುದಿಲ್ಲ. ಪಕ್ಕದ ಮನೆಯ ಮುದುಕಿ ತನಗೆಂದು ಇಟ್ಟುಕೊಂಡಿದ್ದ ಚಾಪೆಯನ್ನು ಬೇಡಿ ತಂದು ತಾತನನ್ನು ಕಳಿಸಿದರು. ಆ ಮುದುಕಿ ಸಾಯುವವರೆಗೂ ನೀರಿನ ನಲ್ಲಿಯ ಹತ್ತಿರ ಅದನ್ನು ಎತ್ತಿ ಆಡಿದಳು.

'ತಪ್ಪು ಅವಳದ್ದು' ಎಂದಳು ಅತ್ತೆ. 'ಅವಳದ್ದೇ' ಎಂದಳು ಅಮ್ಮ. ಅಲ್ಲಿಂದ ಇಬ್ಬರಿಗೂ ಮಾತಿಲ್ಲ. ಒಂದೇ ಶೆಡ್ಡಿನಲ್ಲಿ ಕೂತು ದುಡಿಯುತ್ತಾರೆ, ಒಂದೇ ಗೋಡೆಯ ಆಚೆ ಈಚೆ ಇರುತ್ತಾರೆ, ಒಬ್ಬಳ ಮನೆಯಲ್ಲಿ ಒಗ್ಗರಣೆ ಹಾಕಿದರೆ ಇನ್ನೊಬ್ಬಳು ಸೀನುತ್ತಾಳೆ. ಮಾತು ಮಾತ್ರ ಇಲ್ಲ. ನಡುವೆ ಸಿಕ್ಕಿಕೊಂಡ ನಮ್ಮಪ್ಪ, ಇವರಲ್ಲಿ ಒಬ್ಬಳು ಬಾಯಿ ತೆರೆದರೆ ಸಾಕು, ಚಪ್ಪಲಿ ಮೆಟ್ಟಿಕೊಂಡು ಚಹಾದಂಗಡಿಗೆ ಹೊರಟುಬಿಡುತ್ತಾನೆ.

ಕೆಟ್ಟ ಚಾಪೆ ಮೂಲೆಯಲ್ಲಿ ಬಿದ್ದಿತ್ತು. ಆಮೇಲೊಂದು ದಿನ ಯಾರೋ ಮೇಡಂ ನಮ್ಮ ಕುಲಕಸುಬಿನ ಅಧ್ಯಯನಕ್ಕೆ ಬಂದಳು, ಚಾಪೆ ನೋಡಿ 'ಆಹಾ' ಎಂದಳು. ಅಜ್ಜಿ, "ಕಣ್ಣೆದುರು ಇದ್ರೆ ಹೊಟ್ಟೆ ಉರಿಯುತ್ತೆ, ತಗೊಂಡು ಹೋಗಮ್ಮ" ಎಂದು ಸುತ್ತಿ ಕೊಟ್ಟಳು. ಮೇಡಂ ಅಧ್ಯಯನ ಬಿಟ್ಟು ಹಾಸಿಗೆ ಕಂಪನಿ ಸೇರಿದಳು, ಆ ಕಂಪನಿಯನ್ನೂ ಬಿಟ್ಟು ಎಲ್ಲಿಗೋ ಹೋದಳು. ಚಾಪೆ ಮಾತ್ರ ಫಲಕ ಏರಿತ್ತು.

ನಾನು ಕಂಪನಿಗೆ ದೂರು ಬರೆಸಿದೆ: ಇದು ನಮ್ಮ ಸತ್ತವರ ಚಾಪೆ, ದಯವಿಟ್ಟು ಬದುಕಿರುವವರ ಕೆಳಗಿನಿಂದ ತೆಗೆಯಿರಿ. ಅವರಿಂದ ನೋಟಿಸು ಬಂತು: ಈ ವಿನ್ಯಾಸ ನಮ್ಮ ಹೆಸರಲ್ಲಿ ನೋಂದಣಿಯಾಗಿದೆ, ಇನ್ನು ಮುಂದೆ ಇದನ್ನು ಹೋಲುವ ಯಾವುದನ್ನೂ ನೀವು ಹೆಣೆಯಬಾರದು, ಹೆಣೆದರೆ ಕ್ರಮ ಕೈಗೊಳ್ಳಲಾಗುವುದು. ಓದಿ ಹೇಳಿದಾಗ ಶೆಡ್ಡಿನ ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಹೆಣ ಎತ್ತುವಾಗ ಪೊಲೀಸು ಬಂದು ಚಾಪೆ ತಿರುಗಿಸಿ ನೋಡುತ್ತಾನೇನು? ಹೆಣೆದುಕೊಂಡರಾಯಿತು, ಬಿಡೇ ಮೈಕು, ಎಂದರು.

ಅಜ್ಜಿ ನಗಲಿಲ್ಲ. "ಅವರ ಹೆಸರಲ್ಲಿದೆ ಅಂದ್ರೆ ನಾವು ಹೆಣೆದದ್ದು ಕದ್ದ ಮಾಲಾಗುತ್ತೆ. ಬದುಕಿದ್ದಷ್ಟು ದಿನ ಯಾರ್ದೂ ಒಂದು ಕಡ್ಡಿ ಮುಟ್ಟಿಲ್ಲ ನಾನು, ಹೋಗೋವಾಗ ಕಳ್ಳಿ ಆಗಿ ಹೋಗ್ಲಾ? ಮೊದಲು ನಮ್ದು ಅಂತ ಬರ್ಸಿಕೊಂಡು ಬಾ. ಆಮೇಲೆ ನನ್ನ ಮಗಳೂ ಸೊಸೇನೂ ಕೂತು ಹೆಣೀಲಿ. ಅಲ್ಲೀತನಕ ನಾನು ಸಾಯಲ್ಲ."

"ಅವರಿಬ್ರೂ ಎದುರುಬದುರು ಕೂರ್ತಾರಾ ಅಜ್ಜಿ?"

"ಕೂರ್ದೇ ಇದ್ರೆ ನಂಗೇನೂ ಅವಸರ ಇಲ್ಲ," ಎಂದು ಗೋಡೆಯ ಕಡೆ ಮುಖ ತಿರುಗಿಸಿದಳು. ಮುದುಕಿ ಹಟಕ್ಕೆ ಬಿದ್ದರೆ ಯಮನೂ ಹೊರಗೆ ಬೆಂಚಿನ ಮೇಲೆ ಕೂತು ಕಾಯಬೇಕು. ಆದರೆ ರಾತ್ರಿಯೆಲ್ಲ ಅವಳು ಉಸಿರೆಳೆಯುವ ಸದ್ದು ನನಗೆ ಕೇಳುತ್ತಿತ್ತು, ಹಟಕ್ಕೂ ಹೆಚ್ಚು ದಿನ ಉಳಿದಿಲ್ಲ ಎಂದು ನನಗೆ ಗೊತ್ತಿತ್ತು.

ನೋಂದಣಿ ಕಚೇರಿಯಲ್ಲಿ ಮೇಜಿಗೆ ಗಾಜು ಹಾಸಿದ್ದರು. ಗಾಜಿನ ಕೆಳಗೆ ಹಳೇ ಕ್ಯಾಲೆಂಡರು, ಯಾರದೋ ಮದುವೆಯ ಫೋಟೊ, ಒಂದು ಸತ್ತ ಸೊಳ್ಳೆ. ಕುಡಿಯುವ ನೀರಿನ ಲೋಟವನ್ನು ಸರಪಳಿಯಲ್ಲಿ ಕಟ್ಟಿಹಾಕಿದ್ದರು. ನಮ್ಮ ಅರ್ಜಿ ಕೇಳುವ ಸಾಹೇಬರು ಒಳ್ಳೆಯ ಮನುಷ್ಯರೇ, ಆದರೆ ಯಾವ ಮಾತಿಗೂ ಮೊದಲು 'ನೋಡೋಣ' ಎನ್ನದೆ ಅವರಿಗೆ ಉಸಿರು ಹೊರಡುತ್ತಿರಲಿಲ್ಲ. ಕಂಪನಿಯ ಕಡೆಯಿಂದ ಬಂದ ಹುಡುಗ ವಕೀಲ ಎಷ್ಟು ಸೆಂಟು ಬಳಿದುಕೊಂಡಿದ್ದನೆಂದರೆ ಅವನಿಗಿಂತ ಮೊದಲು ಅವನ ವಾಸನೆ ಬಂದು ಕುರ್ಚಿ ಹಿಡಿಯುತ್ತಿತ್ತು. ನಾವು ಅವನಿಗೆ ಸೆಂಟು ಎಂದೇ ಹೆಸರಿಟ್ಟೆವು.

ನಾನು ಶೆಡ್ಡಿನಿಂದ ಒಂದು ಒಳ್ಳೆಯ ಕಡೇ ಚಾಪೆ ಒಯ್ದಿದ್ದೆ. ಯಾರದೋ ಮನೆಯ ಅಜ್ಜ ಇನ್ನೂ ಗಟ್ಟಿಯಾಗಿದ್ದ, ಎರಡು ದಿನಕ್ಕೆ ಕೊಡುತ್ತೇನೆ ಎಂದಿದ್ದ. ಸೆಂಟು ಅದನ್ನೂ ತನ್ನ ಹಾಸಿಗೆಯ ಹೊದಿಕೆಯನ್ನೂ ಪಕ್ಕಪಕ್ಕ ಹಾಸಿದ.

"ಗಮನಿಸಬೇಕು ಸರ್. ಇವರ ಚಾಪೇಲಿ ನಡುವಿನ ಸಾಲು ಸಮ ಇದೆ. ನಮ್ಮದ್ರಲ್ಲಿ ಒಳಗೆ ತಗ್ಗಿದೆ. ಇದು ನಮ್ಮ ವಿನ್ಯಾಸಗಾರರ ಸ್ವಂತ ಕಲ್ಪನೆ. ಇದನ್ನ ನಾವು ವಿಶ್ರಾಂತಿ ರೇಖೆ ಅಂತ ಕರೀತೀವಿ. ಬೆನ್ನಿಗೆ ಒಳ್ಳೇದು."

"ಅದು ಕಲ್ಪನೆ ಅಲ್ಲ ಸ್ವಾಮಿ, ತಪ್ಪು!" ಎಂದೆ. ಕಚೇರಿಯ ಕಿಟಕಿಗಳು ಅದುರಿದವು, ನನ್ನ ಗಂಟಲಿನ ಗುಣ. "ನಮ್ಮ ಮನೇಲಿ ಆದ ತಪ್ಪು ಅದು, ಹೆಣೆದೋರಿಬ್ರೂ ಇಲ್ಲೇ ಕೂತಿದಾರೆ. ಆ ಚಾಪೇನ ನಮ್ಮಜ್ಜಿ ನಿಮ್ಮ ಮೇಡಂಗೆ ಕೊಟ್ಟಿದ್ದು."

"ಸಾಕ್ಷಿ ಇದೆಯಾ?" ಎಂದ ಸೆಂಟು. ಬಹಳ ವಿನಯದಿಂದ ಕೇಳಿದ, ಅದಕ್ಕೇ ಕೆನ್ನೆಗೆ ಬಾರಿಸಬೇಕೆನ್ನಿಸಿತು.

ಸಾಹೇಬರು ನೋಡೋಣ ಎಂದರು. ನನ್ನ ಹಿಂದೆ ಎರಡು ಮೂಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದ ಅಮ್ಮ ಮತ್ತು ಅತ್ತೆಯ ಕಡೆ ತಿರುಗಿ, "ಆ ತಪ್ಪು ಮಾಡಿದ್ದು ನಿಮ್ಮಲ್ಲಿ ಯಾರು?" ಎಂದು ಕೇಳಿದರು.

"ಅವಳು," ಎಂದಳು ಅಮ್ಮ.

"ಅವಳು," ಎಂದಳು ಅತ್ತೆ.

"ನಾನು ಹೆಣೆದದ್ರಲ್ಲಿ ಇವತ್ತಿನ ತನಕ ಒಂದು ಎಳೆ ಹೆಚ್ಚುಕಮ್ಮಿ ಆಗಿಲ್ಲ," ಎಂದಳು ಅತ್ತೆ, ಸಾಹೇಬರಿಗೆ.

"ಹೌದು, ಎಲ್ಲ ಬೇರೆಯವರೇ ಮಾಡೋದು," ಎಂದಳು ಅಮ್ಮ, ಗೋಡೆಗೆ.

ಸೆಂಟು ಬರೆದುಕೊಂಡ: ಎರಡೂ ಸಾಕ್ಷಿಗಳು ತಪ್ಪನ್ನು ನಿರಾಕರಿಸಿದ್ದಾರೆ. ನಾನು ಹಣೆ ಚಚ್ಚಿಕೊಂಡೆ. ಜೌಗು ಹೋಯಿತು, ಜೊಂಡು ಹೋಯಿತು, ಈಗ ಇವರಿಬ್ಬರ ಮೂಗಿನ ತುದಿಯ ಸಿಟ್ಟಿಗೆ ಸತ್ತವರ ಚಾಪೆಯೂ ಹೋಗುತ್ತಿತ್ತು. ನನಗೆ ಅಳು ಬಂತು, ಸಿಟ್ಟಿನ ಅಳು. ಸಾಹೇಬರು ನನ್ನನ್ನೂ ಅವರನ್ನೂ ನೋಡಿ, ಕನ್ನಡಕ ತೆಗೆದು ಒರೆಸಿ, "ಹಾಗಾದ್ರೆ ಇಲ್ಲೇ ಹೆಣೀರಿ. ಅವತ್ತು ಹೇಗೆ ಹೆಣೆದ್ರೋ ಹಾಗೇ. ನೋಡೋಣ," ಎಂದರು.

ಕಚೇರಿಯ ಹಿಂದಿನ ಮೊಗಸಾಲೆಯಲ್ಲಿ ಜಾಗ ಕೊಟ್ಟರು. ಹಳೇ ಬೀರುಗಳನ್ನು ಸರಿಸಿ, ಜವಾನ ಗೊಣಗಿಕೊಂಡೇ ಬಕೆಟ್ಟಿನಲ್ಲಿ ನೀರು ತಂದಿಟ್ಟ. ಅಮ್ಮ ಒಂದು ತುದಿಗೆ, ಅತ್ತೆ ಒಂದು ತುದಿಗೆ ಕೂತರು. ಜೊಂಡು ನೆನೆಸಿ, ಸೀಳಿ, ಹೆಣೆಯಲು ಶುರು ಮಾಡಿದರು. ಮಾತಿಲ್ಲ. ಮಾತಾಡಲೇಬೇಕಾದರೆ ನಾನಿದ್ದೆ.

"ಮೈಕು, ಅವಳಿಗೆ ಹೇಳು, ಎಳೆ ಬಿಗಿ ಹಿಡೀಲಿ ಅಂತ. ಇದೇನು ಅವರಪ್ಪನ ಕಚೇರಿನಾ, ಕೈ ಜೋಲು ಬಿಟ್ಕೊಂಡು ಕೂರೋಕೆ?" ಅತ್ತೆ.

"ಮೈಕು, ಅವಳಿಗೆ ಹೇಳು, ಮೊದಲು ತನ್ನ ಕಡೆ ಅಂಚು ನೇರ ಮಾಡ್ಕೊಳ್ಳಲಿ ಅಂತ. ಹಾವು ಹೋದಂಗೆ ಹೋಗ್ತಿದೆ." ಅಮ್ಮ.

ಇಬ್ಬರ ನಡುವೆ ಒಂದು ಚಾಪೆಯಷ್ಟೇ ದೂರ. ಕೇಳಿದ ಮಾತನ್ನೇ ನಾನು ಮತ್ತೆ ಕೂಗಿ ಹೇಳಬೇಕು. ಗುಮಾಸ್ತರು ಊಟದ ಡಬ್ಬಿ ಹಿಡಿದು ಬಂದು ಸುತ್ತ ನಿಲ್ಲುತ್ತಿದ್ದರು, ಅವರಿಗೆ ಪುಕ್ಕಟೆ ನಾಟಕ. ಸೆಂಟು ಮೂಗಿಗೆ ಕರ್ಚೀಫು ಹಿಡಿದು ಬಾಗಿಲಲ್ಲಿ ನಿಂತಿರುತ್ತಿದ್ದ; ಒದ್ದೆ ಜೊಂಡಿನ ವಾಸನೆಯ ಎದುರು ಅವನ ಸೆಂಟು ಸೋತುಹೋಗಿತ್ತು. ಜವಾನ ಮಾತ್ರ ಮೆಲ್ಲಗೆ ಗೊಣಗುವುದು ಬಿಟ್ಟು, ನೀರು ಬೆಚ್ಚಗಿರಬೇಕಾ ತಣ್ಣಗಿರಬೇಕಾ ಎಂದು ಕೇಳತೊಡಗಿದ.

ದಿನ ಕಳೆದ ಹಾಗೆ ಇಬ್ಬರೂ ಹತ್ತಿರ ಹತ್ತಿರ ಬಂದರು. ಮೊಣಕಾಲಿಗೆ ಮೊಣಕಾಲು ತಾಗುವಷ್ಟಾದಾಗ ಚುಚ್ಚುಮಾತು ತಾನೇ ನಿಂತಿತು. ಕೂಡುಸಾಲಿಗೆ ಬಂದಾಗ ಇಬ್ಬರೂ ತಲೆ ತಗ್ಗಿಸಿದರು. ಯಾರ ಮುಖವೂ ನನಗೆ ಕಾಣಲಿಲ್ಲ, ಬೆರಳುಗಳು ಮಾತ್ರ ಕಂಡವು. ಅಷ್ಟು ಹೊತ್ತು ಸರಸರ ಓಡುತ್ತಿದ್ದ ಬೆರಳುಗಳು ಈಗ ತಡವರಿಸುತ್ತಿದ್ದವು. ಸಾಲು ಮುಗಿಸಿ, ಅಂಚು ಮಡಚಿ, ಇಬ್ಬರೂ ಎದ್ದು ಬೇರೆ ಬೇರೆ ಬಾಗಿಲಿನಿಂದ ಹೊರಗೆ ಹೋದರು. ಚಾಪೆಯನ್ನು ಫ್ಯಾನಿನ ಕೆಳಗೆ ಎರಡು ಕುರ್ಚಿಗಳ ಮೇಲೆ ಒಣಹಾಕಿದೆವು.

ಮರುದಿನ ಎಲ್ಲರೂ ಸುತ್ತ ನಿಂತು ನೋಡಿದೆವು. ನಡುವಿನ ಸಾಲು ಉದ್ದಕ್ಕೂ ತಗ್ಗಾಗಿತ್ತು. ಕಂಪನಿಯ ಹೊದಿಕೆಯನ್ನು ತಂದು ಪಕ್ಕ ಹಿಡಿದರು. ಅದೇ ಕುಳಿ, ಅದೇ ಜಾಗ, ಅದೇ ವಿಶ್ರಾಂತಿ ರೇಖೆ.

"ಈ ತಪ್ಪು ಯಾರದು?" ಎಂದರು ಸಾಹೇಬರು. ಈ ಸಲ ನೋಡೋಣ ಎನ್ನಲಿಲ್ಲ.

"ನಂದು," ಎಂದಳು ಅಮ್ಮ.

"ನಂದು," ಎಂದಳು ಅತ್ತೆ.

ಇಬ್ಬರೂ ಒಟ್ಟಿಗೇ ಹೇಳಿದ್ದರು. ಹೇಳಿ, ಜಗಳವಾದ ಮೇಲೆ ಮೊದಲ ಸಲ ಒಬ್ಬರ ಮುಖ ಒಬ್ಬರು ನೋಡಿದರು.

"ನಿಂದು ಹೇಗಾಗುತ್ತೆ?" ಅತ್ತೆ ನೇರವಾಗಿ ಅಮ್ಮನನ್ನೇ ಕೇಳಿದಳು. ನಾನು ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡೆ. "ವಯಸ್ಸಲ್ಲಿ ದೊಡ್ಡೋಳು ನಾನು. ನನ್ನ ಎಳೆ ಮೇಲೆ ಹೋಗ್ಬೇಕಿತ್ತು. ಅಪ್ಪನ ಹೇಲು ಉಚ್ಚೆ ಎಲ್ಲ ಬಾಚಿದೋಳು ನೀನು, ನಾನು ಮೂರು ಹೊತ್ತು ಬಂದು ಅತ್ತು ಹೋಗ್ತಿದ್ದೋಳು. ಯಾವ ಮುಖ ಇಟ್ಕೊಂಡು ನಿನ್ನ ಮೇಲೆ ಹಾಕ್ಲಿ? ಕೆಳಗೆ ಹಾಕ್ದೆ. ಚಾಪೆ ಕೆಟ್ಟೋಯ್ತು. ನನ್ನಿಂದ್ಲೇ ಅಂತ ಗೊತ್ತಿತ್ತು, ಅದಕ್ಕೇ ನಿನ್ನ ಮೇಲೆ ಕೂಗಾಡ್ದೆ."

ಅಮ್ಮ ಅವಳ ಕಡೆ ನುಗ್ಗಿದಳು. "ಅಯ್ಯೋ ಮೂಳಿ! ಅಣ್ಣನ ಹೆಂಡ್ತಿ ಅಂತ ಮೇಲೆ ಹಾಕೋ ಹಕ್ಕು ನಂದಿತ್ತಲ್ಲೇ. ಅವರು ನಿಮ್ಮಪ್ಪ, ಮಗಳ ಎಳೆ ಮೇಲಿರ್ಲಿ ಅಂತ ನಾನು ಕೆಳಗೆ ಹಾಕ್ದೆ. ಕೆಡಿಸಿದ್ದು ನಾನೇ ಅಂದ್ಕೊಂಡು ಇಷ್ಟು ವರ್ಷ ನಿನ್ನ ಕಂಡ್ರೆ ಮುಖ ತಿರುಗಿಸ್ದೆ."

"ಈಗಲೂ ಕೆಳಗೇ ಹಾಕಿದ್ಯಾ?"

"ಅವತ್ತಿನ ಹಾಗೇ ಹಾಕಿ ಅಂದ್ರಲ್ಲ ಸಾಹೇಬ್ರು. ತಪ್ಪು ನನ್ನ ತಲೆ ಮೇಲೇ ಬರ್ಲಿ, ಶೆಡ್ಡು ಉಳೀಲಿ ಅಂತ ಹಾಕ್ದೆ."

"ಥೂ ನಿನ್ನ! ನಾನೂ ಅದಕ್ಕೇ ಹಾಕಿದ್ದು ಅತ್ತಿಗೆ!"

ಆಮೇಲೆ ಅಲ್ಲಿ ನಡೆದದ್ದನ್ನು ಅಪ್ಪುಗೆ ಎನ್ನಬೇಕೋ ಹೊಡೆದಾಟ ಎನ್ನಬೇಕೋ ತಿಳಿಯದು. ಅತ್ತೆ ಅಮ್ಮನ ಬೆನ್ನಿಗೆ ಗುದ್ದಿದಳು, ಅಮ್ಮ ಅವಳ ಜುಟ್ಟು ಹಿಡಿದಳು, ಇಬ್ಬರೂ ಗೊಳೋ ಎಂದು ಅತ್ತರು, ನಡುವೆ ಬಾಯಲ್ಲಿ ಹೇಳಬಾರದಂಥ ಬೈಗುಳ ಬೈದರು. ಗುಮಾಸ್ತರಲ್ಲಿ ಒಬ್ಬಾಕೆ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಒಬ್ಬಳೇ ತಗ್ಗಿದ್ದರೆ ಚಾಪೆ ಸರಿಯಾಗುತ್ತಿತ್ತು. ಇಬ್ಬರೂ ತಗ್ಗಿದ್ದಕ್ಕೆ ಇಷ್ಟು ವರ್ಷದ ಜಗಳ.

ಸೆಂಟು ಬಿಡುವ ಆಸಾಮಿಯಲ್ಲ. ಇದು ಪೂರ್ವಯೋಜಿತ, ನಮ್ಮ ಹೊದಿಕೆ ನೋಡಿ ಅಭ್ಯಾಸ ಮಾಡಿಕೊಂಡು ಬಂದಿದ್ದಾರೆ, ಲಿಖಿತ ಆಕ್ಷೇಪಣೆಗೆ ಸಮಯ ಬೇಕು ಎಂದ. ನಿಯಮದಂತೆ ಸಮಯ ಕೊಟ್ಟರು. ಚಾಪೆಯನ್ನು ಸುತ್ತಿ, ದಾರ ಕಟ್ಟಿ, ಅರಗಿನ ಮುದ್ರೆ ಒತ್ತಿ, ಸಾಕ್ಷ್ಯದ ಬೀರುವಿನಲ್ಲಿಟ್ಟು ಬೀಗ ಹಾಕಿದರು.

ಅಜ್ಜಿಗೆ ಎಲ್ಲವನ್ನೂ ಹೇಳಿದೆವು. ಅವಳ ಮಂಚದ ಒಂದು ಪಕ್ಕ ಮಗಳು, ಒಂದು ಪಕ್ಕ ಸೊಸೆ. ಅಪ್ಪ ಅಭ್ಯಾಸಬಲದಿಂದ ಚಪ್ಪಲಿ ಹುಡುಕುತ್ತಿದ್ದ, ಜಗಳವಿಲ್ಲವೆಂದು ತಿಳಿದು ಎಲ್ಲಿ ನಿಲ್ಲಬೇಕೋ ಗೊತ್ತಾಗದೆ ನಿಂತಿದ್ದ. ಅಜ್ಜಿ ಕಣ್ಣು ಮುಚ್ಚಿಕೊಂಡೇ ಕೇಳಿದಳು.

"ಇಬ್ರೂ ಕೆಳಗೆ ಹಾಕಿದ್ರಾ?"

"ಹೂಂ ಅಮ್ಮ," ಎಂದಳು ಅತ್ತೆ. "ಬೇರೆ ಹೆಣೀತೀವಿ ನಿಂಗೆ. ಈ ಸಲ ಸರಿಯಾಗಿ. ಕೇಸು ಮುಗೀಲಿ."

"ಬೇಡ. ಅದೇ ಇರ್ಲಿ." ಅಜ್ಜಿ ಕಣ್ಣು ಬಿಟ್ಟಳು. "ಈ ಮನೆಗೆ ಸೊಸೆಯಾಗಿ ಬಂದಾಗಿಂದ ನೋಡ್ತಿದೀನಿ, ಒಬ್ರಿಗೊಬ್ರು ತಗ್ಗಿದ್ದು ಯಾರನ್ನೂ ಕಾಣ್ಲಿಲ್ಲ. ನಾನೂ ತಗ್ಗಲಿಲ್ಲ ಅನ್ನು. ನಿಮ್ಮ ತಾತನ ಪುಣ್ಯ ಕಮ್ಮಿ, ಅಂಥಾ ಚಾಪೆ ಬಿಟ್ಟು ಆ ಗಯ್ಯಾಳಿ ಚಾಪೆ ಮೇಲೆ ಹೋದ. ನಾನು ನೋಡದೇನೇ ಒಪ್ಪಿದೆ, ನಂಗೆ ಅದೇ ಬೇಕು. ತಪ್ಪಿನ ಚಾಪೇನೇ ಬೇಕು. ಕೇಳಿಸ್ತಾ ಮೈಕು? ಬೀರು ಒಡೆದಾದ್ರೂ ತಾ."

"ನೀನು ಸಾಯಲ್ಲ ಅಂದಿದ್ಯಲ್ಲ ಅಜ್ಜಿ, ತೀರ್ಪು ಬರೋ ತನಕ."

"ಅಂದಿದ್ದೆ," ಎಂದಳು.

ತೀರ್ಪು ಬರಲಿಲ್ಲ, ಸೆಂಟು ಮತ್ತೆ ಸಮಯ ಕೇಳಿದ್ದ. ಒಂದು ಬೆಳಿಗ್ಗೆ ಅಮ್ಮ ಹಾಲು ಕುಡಿಸಲು ಹೋದಾಗ ಅಜ್ಜಿ ಹೋಗಿಬಿಟ್ಟಿದ್ದಳು. ಬಾಯಿ ಸ್ವಲ್ಪ ತೆರೆದಿತ್ತು, ಇನ್ನೇನೋ ಹೇಳುವುದಿತ್ತೇನೋ. ನಾನು ಅಳಲು ಕೂಡ ಕೂರದೆ ಕಚೇರಿಗೆ ಓಡಿದೆ.

ಸಾಹೇಬರು ಎದ್ದು ನಿಂತು ಕೈ ಮುಗಿದರು. ಆದರೆ ಮುದ್ರೆ ಒಡೆದು ಚಾಪೆ ಕೊಡಿ ಎಂದಾಗ ತಲೆ ಕೆರೆದುಕೊಂಡರು. "ಪ್ರಕರಣ ಮುಗಿಯದೆ ಕೊಡೋ ಅಧಿಕಾರ ನಂಗಿಲ್ಲಮ್ಮ. ಇಲ್ಲಿ, ಎರಡೂ ಕಡೆಯವರ ಎದುರು, ಬಿಚ್ಚಿ ತೋರಿಸಬಹುದು. ಆದ್ರೆ ಚಾಪೆ ಈ ಕೋಣೆ ದಾಟಿ ಹೋಗೋ ಹಾಗಿಲ್ಲ."

"ಚಾಪೆ ತಾನೆ ದಾಟಬಾರದು?"

"ಹೌದು."

"ಒಳಗೆ ಬರೋರಿಗೆ ಅಡ್ಡಿ ಇಲ್ವಲ್ಲ?"

"ಸಾರ್ವಜನಿಕ ಕಚೇರಿ, ಯಾರು ಬೇಕಾದ್ರೂ..." ಎಂದವರು ನನ್ನ ಮುಖ ನೋಡಿ ಮಾತು ಅರ್ಧಕ್ಕೆ ನಿಲ್ಲಿಸಿದರು. ಸ್ವಲ್ಪ ಹೊತ್ತು ಗಾಜಿನ ಕೆಳಗಿನ ಸೊಳ್ಳೆಯನ್ನೇ ನೋಡುತ್ತಿದ್ದರು. ಆಮೇಲೆ ಜವಾನನನ್ನು ಕರೆದು, "ಕಂಪನಿ ವಕೀಲರಿಗೆ ಫೋನ್ ಮಾಡು. ಈಗಲೇ ಬರಬೇಕು ಅನ್ನು," ಎಂದರು.

ಅಜ್ಜಿಯನ್ನು ಮಂಚದ ಸಮೇತ ಜೊಂಡು ತರುವ ಲಾರಿಯಲ್ಲೇ ಕರೆತಂದೆವು. ಹಿಂದೆ ಮುಂದೆ ನಮ್ಮ ಜನ. ಶೆಡ್ಡಿಗೆ ಬೀಗ ಹಾಕಿ ಎಲ್ಲರೂ ಬಂದಿದ್ದರು. ಗೇಟಿನ ಕಾವಲುಗಾರ ಅಡ್ಡ ಬಂದು, "ಯಾರನ್ನ ನೋಡ್ಬೇಕಿತ್ತು?" ಎಂದು ಕೇಳಿದವನು, ಮಂಚದ ಮೇಲಿದ್ದವಳನ್ನು ಕಂಡು ಟೋಪಿ ತೆಗೆದ. ಹೊರಗೆ ಯಾರೋ ಪತ್ರಿಕೆಯವರಿಗೂ ಸುದ್ದಿ ಮುಟ್ಟಿತ್ತು, ಫೋನು ಎತ್ತಿ ಹಿಡಿದುಕೊಂಡು ನಮ್ಮ ಜೊತೆಗೇ ಒಳಗೆ ನುಗ್ಗಿದರು.

ಸೆಂಟು ಬಂದಾಗಿತ್ತು. ಸಾಹೇಬರು ಎಲ್ಲರ ಎದುರು ಮುದ್ರೆ ಒಡೆದರು, ಚಾಪೆ ಬಿಚ್ಚಿದರು. ಜವಾನ ಹೇಳಿಸಿಕೊಳ್ಳದೆ ಮೇಜು ಸರಿಸಿ ನೆಲ ಒರೆಸಿದ. ಅಮ್ಮ ಮತ್ತು ಅತ್ತೆ ಚಾಪೆ ಹಾಸಿ, ಅಜ್ಜಿಯನ್ನು ಮೆಲ್ಲಗೆ ಅದರ ಮೇಲೆ ಮಲಗಿಸಿದರು. ಬೆನ್ನಿಗೆ ಸರಿಯಾಗಿ ಕೂಡುಸಾಲು ಬಂತು.

"ಇದೇನಿದು ಸರ್!" ಸೆಂಟಿನ ದನಿ ಕೀಚಲಾಗಿತ್ತು. "ಸಾಕ್ಷ್ಯದ ಮೇಲೆ... ದಯವಿಟ್ಟು ಬಾಡೀನ ಕೆಳಗಿಳಿಸೋಕೆ ಹೇಳಿ."

"ಒಂದ್ಸಲ ಮಲಗಿಸಿದ ಮೇಲೆ ನಮ್ಮಲ್ಲಿ ಎತ್ತಲ್ಲಪ್ಪ," ಎಂದಳು ಅಮ್ಮ. "ಎತ್ತಿದ್ರೆ ಚಾಪೆ ಸಮೇತ. ಬೇಕಾದ್ರೆ ನೀನೇ ಬಂದು ಬಿಡಿಸ್ಕೋ."

ಅವನು ಬರಲಿಲ್ಲ. ಸಾಹೇಬರು ಮೇಜಿನ ಹಿಂದೆ ಕೂರದೆ ನಿಂತೇ ಕೇಳಿ ಬರೆಸತೊಡಗಿದರು.

"ವಕೀಲರೇ, ಒಂದೇ ಪ್ರಶ್ನೆ. ಈ ಅಜ್ಜಿ ಮಲಗಿರೋ ಚಾಪೆಯ ವಿನ್ಯಾಸ, ಈ ನಡುವಿನ ಸಾಲು, ಇದು ನಿಮ್ಮ ಕಂಪನೀದೇ? ನೀವು ಅಂಗಡೀಲಿ ಮಾರ್ತಿರೋದು ಇದನ್ನೇನಾ? ಹೌದು ಅಂದ್ರೆ ಹೌದು ಅಂತ ಬರ್ಸಿ. ಇವರೆಲ್ಲ ಕೇಳಿಸ್ಕೊಳ್ಳಲಿ."

ಸುತ್ತಲಿನ ಫೋನುಗಳೆಲ್ಲ ಸೆಂಟಿನ ಕಡೆ ತಿರುಗಿದವು. ಅವನು ಅಜ್ಜಿಯನ್ನು ನೋಡಿದ. ತೆರೆದ ಬಾಯಿ, ಬಿಗಿದ ಕಾಲುಬೆರಳು, ಬೆನ್ನ ಕೆಳಗೆ ವಿಶ್ರಾಂತಿ ರೇಖೆ. ಹೊರಗೆ ಹೋಗಿ ಫೋನಿನಲ್ಲಿ ಪಿಸಪಿಸ ಮಾತಾಡಿದ. ಕಂಪನಿಯ ಎಷ್ಟು ದೊಡ್ಡವರ ಹತ್ತಿರ ಮಾತಾಡಿದನೋ, ಒಳಗೆ ಬಂದಾಗ ಮುಖ ಇಳಿದಿತ್ತು.

"ಅಲ್ಲ ಸರ್. ಈ ಚಾಪೆಗೂ ನಮ್ಮ ಕಂಪನಿಗೂ ಯಾವ ಸಂಬಂಧಾನೂ ಇಲ್ಲ. ಇದು ನಮ್ಮ ವಿನ್ಯಾಸ ಅಲ್ಲ. ಇವರು ಹೆಣೆಯೋದಕ್ಕೆ ನಮ್ಮ ಆಕ್ಷೇಪಣೆ ಇಲ್ಲ."

ಸಾಹೇಬರು ಬರೆಸಿ, ಅವನ ಸಹಿ ಹಾಕಿಸಿಕೊಂಡು, ಪ್ರಕರಣ ಮುಗಿಯಿತು ಎಂದರು. ಹಿಂದಿನಿಂದ ಯಾರೋ ಚಪ್ಪಾಳೆ ತಟ್ಟಲು ಹೋಗಿ, ಹೆಣ ಕಂಡು ಕೈ ಇಳಿಸಿದರು. ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ, ಮೈ ಉರಿಯಿತು. ಇಷ್ಟು ದಿನ ನಮ್ಮ ಸತ್ತವರನ್ನು ಮಾರಿ ತಿಂದವರು ಈಗ ಕೈ ಜಾಡಿಸಿಕೊಂಡು, ನಮಗೂ ಅದಕ್ಕೂ ಸಂಬಂಧವಿಲ್ಲ ಎನ್ನುತ್ತಿದ್ದರು. ಒಂದು ಕ್ಷಮಿಸಿ ಎನ್ನುವ ಮಾತೂ ಇಲ್ಲ. ಗಂಟಲು ಹರಿಯುವ ಹಾಗೆ ಕೂಗಬೇಕೆಂದು ಬಾಯಿ ತೆರೆದೆ.

ಅಷ್ಟರಲ್ಲಿ ಅಮ್ಮ ಕೇಳಿದಳು, ಯಾರನ್ನೂ ಉದ್ದೇಶಿಸದೆ: "ಇಷ್ಟು ದಿನ ನಿಮ್ದಲ್ಲ ಅಂದ್ರು. ಇವತ್ತು ನಮ್ದೂ ಅಲ್ಲ ಅಂತಾರೆ. ಮತ್ಯಾರ್ದಂತೆ ಇದು?"

ಅತ್ತೆ ಅಜ್ಜಿಯ ಸೆರಗು ಸರಿ ಮಾಡುತ್ತಿದ್ದಳು. ತಲೆ ಎತ್ತಲಿಲ್ಲ.

"ಅಮ್ಮಂದು," ಎಂದಳು. "ಇನ್ಯಾರ್ದು? ಹಿಡ್ಕೊ ಆ ಕಡೆ."

ಇಬ್ಬರೂ ಚಾಪೆಯ ಎರಡು ತುದಿ ಹಿಡಿದರು. ನಾವು ಉಳಿದವರು ಅಂಚುಗಳಿಗೆ ಕೈ ಕೊಟ್ಟೆವು, ಸಾಹೇಬರೂ ಒಂದು ಕೈ ಕೊಟ್ಟರು. ಸೆಂಟು ಬಾಗಿಲಿನಿಂದ ಸರಿದು ಗೋಡೆಗೆ ಅಂಟಿಕೊಂಡು ನಿಂತ, ಅಜ್ಜಿ ಅವನ ಮುಂದೆಯೇ ಕೋಣೆ ದಾಟಿ ಹೋದಳು.